ಓಡಿಹೋದ ಮಗಳನ್ನು ಹುಡುಕಿಕೊಡಿ ಎಂದು ಬಂದರೆ: ಮಲೆನಾಡಿನ ಪತ್ತೇದಾರನಿಗೆ ಹನ್ನೆರಡು ಸೂತ್ರಗಳು

ಕನ್ನಡದಲ್ಲಿ ಐನೂರಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ ಬರೆದ ಎನ್. ನರಸಿಂಹಯ್ಯ ನಮ್ಮ ಚಿಕ್ಕಮಗಳೂರಿನ ಕಡೆಯವರು. ಶಾಲೆ ಕಂಡದ್ದು ನಾಲ್ಕನೇ ತರಗತಿವರೆಗೆ ಮಾತ್ರ. ಅವರ ಪತ್ತೇದಾರ ಪುರುಷೋತ್ತಮನಿಗೆ ಒಂದು ಅನುಕೂಲವಿತ್ತು. ಬೆನ್ನಟ್ಟಿ ಹೋದರೆ ಕೊನೆಗೆ ಸಿಗುತ್ತಿದ್ದವನು ಕಳ್ಳನೋ ಖೂನಿಕೋರನೋ ಆಗಿರುತ್ತಿದ್ದ; ಹಿಡಿದುಕೊಟ್ಟು ಕೈ ತೊಳೆದುಕೊಂಡರೆ ಮುಗಿಯಿತು. ಈಗ ನರಸಿಂಹರಾಜಪುರ, ಕೊಪ್ಪ, ಶೃಂಗೇರಿ ಕಡೆಯ ತೋಟದ ಮನೆಯಿಂದ ಪತ್ತೇದಾರನಿಗೆ ಫೋನು ಬಂದರೆ ಕಥೆ ಬೇರೆ. ಹುಡುಕಬೇಕಾದವಳು ಯಾವ ತಪ್ಪನ್ನೂ ಮಾಡಿಲ್ಲ. ಬೇರೆ ಜಾತಿಯ, ಇಲ್ಲವೇ ಬೇರೆ ಧರ್ಮದ ಹುಡುಗನ ಜೊತೆ ಹೋಗಿದ್ದಾಳೆ, ಅಷ್ಟೆ. ಹುಡುಕುವುದು ಕಷ್ಟವಲ್ಲ. ಸಿಕ್ಕ ಮೇಲೆ ಏನು ಎಂಬುದು ಕಷ್ಟ. ಈ ಕಸುಬಿಗೆ ಇಳಿದವರಿಗೆ, ಇಳಿಯಬೇಕೆಂದಿರುವವರಿಗೆ, ಈ ಒಂದು ಬಗೆಯ ಕೇಸಿಗಾಗಿಯೇ ಈ ಸೂತ್ರಗಳು.

1. ಫೋಟೊ ಕೇಳುವ ಮೊದಲು ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್ ಕೇಳಿ

ಹುಟ್ಟಿದ ತಾರೀಖು ಅದರಲ್ಲಿರುತ್ತದೆ. ಹದಿನೆಂಟು ತುಂಬಿಲ್ಲದಿದ್ದರೆ ಅದು ನಿಮ್ಮ ಕೇಸೇ ಅಲ್ಲ. ಕಾಣೆಯಾದ ಮಗುವಿನ ದೂರು ಬಂದರೆ ಪೊಲೀಸರು ಎಫ್‌ಐಆರ್ ಹಾಕಲೇಬೇಕೆಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ಮನೆಯವರನ್ನು ಅಂದೇ ಠಾಣೆಗೆ ಕಳಿಸಿ, ಮಕ್ಕಳ ಸಹಾಯವಾಣಿ 1098 ಬರೆದುಕೊಡಿ, ಅಡ್ವಾನ್ಸ್ ಮುಟ್ಟಬೇಡಿ. ಹದಿನೆಂಟು ತುಂಬಿದ್ದರೆ ಮುಂದೆ ಓದಿ.

2. ಮಾತಾಡುವವನನ್ನು ಬಿಟ್ಟು ಮಾತಾಡದವರನ್ನು ಗಮನಿಸಿ

ದೃಶ್ಯ ಹೀಗಿದೆ ಎಂದುಕೊಳ್ಳಿ. ಜಗುಲಿಯಲ್ಲಿ ನಾಲ್ಕು ಪ್ಲಾಸ್ಟಿಕ್ ಕುರ್ಚಿ. ಹುಡುಗಿಯ ಅಪ್ಪ ಕಂಬಕ್ಕೆ ಒರಗಿ ಕೂತವನು ಬಾಯಿ ಬಿಡುತ್ತಿಲ್ಲ. ಮಾತೆಲ್ಲ ಚಿಕ್ಕಪ್ಪನದು, ದುಡ್ಡೂ ಅವನದೇ. “ನೀವೊಂದ್ಸಲ ಎಲ್ಲಿದಾಳೆ ಅಂತ ಹೇಳ್ಬಿಡಿ ಸಾರ್, ಮುಂದಿಂದು ನಾವ್ ನೋಡ್ಕೊಳ್ತೀವಿ” ಎನ್ನುತ್ತಾನೆ. ಪಕ್ಕದಲ್ಲಿ ಊರಿನ ಇನ್ನಿಬ್ಬರು ಇದ್ದಾರೆ. ಮನೆಯವರಲ್ಲ, ಯಾರು ಎಂದು ಯಾರೂ ಪರಿಚಯ ಮಾಡಿಕೊಡುವುದಿಲ್ಲ. ಕಾಫಿ ತಂದ ತಾಯಿ ಲೋಟ ಇಡುತ್ತಾ ನಿಮಗೊಬ್ಬರಿಗೇ ಕೇಳುವಷ್ಟು ಮೆಲ್ಲಗೆ, “ಥೈರಾಯ್ಡ್ ಮಾತ್ರೆ ಇಲ್ಲೇ ಬಿಟ್ಟು ಹೋಗಿದಾಳೆ. ಬೆಳಿಗ್ಗೆ ಖಾಲಿ ಹೊಟ್ಟೇಲಿ ತಗೋಬೇಕು” ಎಂದು ಹೇಳಿ ಒಳಗೆ ಹೋಗುತ್ತಾಳೆ.

ಈ ಒಂದು ಮಾತಿನಲ್ಲಿ ನಿಮ್ಮ ಅರ್ಧ ಕೇಸು ಇದೆ. ಚಿಕ್ಕಪ್ಪನಿಗೆ ಬೇಕಿರುವುದು ಜಾಗ. ತಾಯಿಗೆ ಬೇಕಿರುವುದು ಮಗಳು ಹೇಗಿದ್ದಾಳೆ ಎಂಬ ಸುದ್ದಿ. ಇಬ್ಬರೂ ಒಂದೇ ಮನೆಯವರು, ನಿಮ್ಮ ಮುಂದೆ ಇಟ್ಟಿರುವ ಕೆಲಸಗಳು ಮಾತ್ರ ಎರಡು. ಎರಡನೆಯದನ್ನು ಒಪ್ಪಿಕೊಳ್ಳಬಹುದು, ಮೊದಲನೆಯದನ್ನು ಒಪ್ಪಿಕೊಳ್ಳಬಾರದು. “ತಾಯಿ ಹತ್ರ ಹತ್ತು ನಿಮಿಷ ಒಬ್ಬರೇ ಮಾತಾಡಬೇಕು” ಎಂದು ಕೇಳಿ. ಅದಕ್ಕೆ ಅಡ್ಡ ಬಂದರೆ ಕಾಫಿ ಕುಡಿದು, ನಮಸ್ಕಾರ ಹೇಳಿ ಎದ್ದುಬನ್ನಿ.

3. ಫೀಸನ್ನು ವಿಳಾಸಕ್ಕೆ ಗಂಟು ಹಾಕಬೇಡಿ

“ಸಿಕ್ಕಿದ್ರೆ ಇಷ್ಟು, ಇಲ್ದಿದ್ರೆ ಇಷ್ಟು” ಎಂಬ ಲೆಕ್ಕ ಕಳೆದುಹೋದ ಎಮ್ಮೆಗೆ ಸರಿ. ಮನುಷ್ಯರ ವಿಷಯದಲ್ಲಿ ಅದು ನಿಮ್ಮನ್ನೇ ಕೆಡಿಸುತ್ತದೆ. ಅವಳು “ವಿಳಾಸ ಹೇಳಬೇಡಿ” ಎಂದು ಕೈಮುಗಿದಾಗ ನಿಮ್ಮ ಕಣ್ಣ ಮುಂದೆ ಬಾಕಿ ಹಣ ಬಂದು ನಿಲ್ಲುತ್ತದೆ. ದಿನಗೂಲಿಯ ಲೆಕ್ಕವೇ ಇರಲಿ, ಅಥವಾ ಇಡೀ ಕೆಲಸಕ್ಕೆ ಮೊದಲೇ ನಿಗದಿ ಮಾಡಿದ ಮೊತ್ತ. ಪೂರ್ತಿ ಮುಂಗಡ ಪಡೆದರೆ ಇನ್ನೂ ಒಳ್ಳೆಯದು.

4. ಕರಾರನ್ನು ಕನ್ನಡದಲ್ಲಿ ಬರೆಸಿ, ಓದಿ ಹೇಳಿ, ಸಹಿ ಹಾಕಿಸಿ

ನಾಲ್ಕು ಸಾಲು ಸಾಕು. ಒಂದು: ಅವಳು ಕ್ಷೇಮವಾಗಿದ್ದಾಳೆಯೇ, ತನ್ನಿಷ್ಟದಿಂದ ಅಲ್ಲಿದ್ದಾಳೆಯೇ ಎಂಬುದನ್ನು ತಿಳಿದು ಹೇಳುತ್ತೇನೆ. ಎರಡು: ಮನೆಯವರ ಸಂದೇಶ ಅವಳಿಗೆ ತಲುಪಿಸುತ್ತೇನೆ, ಅವಳು ಕೊಟ್ಟರೆ ಅವಳ ಉತ್ತರ ತರುತ್ತೇನೆ. ಮೂರು: ಅವಳ ಒಪ್ಪಿಗೆಯಿಲ್ಲದೆ ವಿಳಾಸ, ಫೋನ್ ನಂಬರ್, ಕೆಲಸದ ಜಾಗ ಯಾರಿಗೂ ಹೇಳುವುದಿಲ್ಲ. ನಾಲ್ಕು: ಅಪಾಯ ಕಂಡರೆ ಪೊಲೀಸರಿಗೆ ತಿಳಿಸುತ್ತೇನೆ.

ಸಹಿ ಹಾಕುವವರು ತಂದೆ, ತಾಯಿ ಇಬ್ಬರೂ. ಚಿಕ್ಕಪ್ಪ ಬೇಕಾದರೆ ಸಾಕ್ಷಿ ಹಾಕಲಿ. ಮೂರನೆಯ ಸಾಲು ಓದಿದ ಕೂಡಲೇ ಕೆಲವರು “ಹಾಗಾದ್ರೆ ನಿಮಗ್ಯಾಕೆ ದುಡ್ಡು ಕೊಡ್ಬೇಕು?” ಎಂದು ಕೇಳುತ್ತಾರೆ. ಕೇಳಲಿ. ಆ ಜಗಳ ಮೊದಲ ದಿನವೇ ಆಗಿಹೋಗುವುದು ಒಳ್ಳೆಯದು. ಕೊನೆಯ ದಿನ ಆದರೆ ಒಂದು ಜೀವ ನಡುವೆ ಸಿಕ್ಕಿಕೊಳ್ಳುತ್ತದೆ.

“ನಾನು ಮಾಡದಿದ್ದರೆ ಬೆಂಗಳೂರಿನ ಇನ್ನೊಬ್ಬ ಮಾಡುತ್ತಾನೆ” ಎಂಬ ಸಮಾಧಾನ ಈ ಕಸುಬಿನಲ್ಲಿ ಬಹಳ ಚಾಲ್ತಿಯಲ್ಲಿದೆ. ಮಾಡಬಹುದು. ಅದು ಅವನ ಕೇಸು.

5. ಲೈಸೆನ್ಸ್ ಬೇಕಿಲ್ಲ ಎಂದು ಹಿಗ್ಗಬೇಡಿ

ಖಾಸಗಿ ಪತ್ತೇದಾರಿ ಏಜೆನ್ಸಿಗಳನ್ನು ನಿಯಂತ್ರಿಸುವ ಮಸೂದೆ 2007ರಲ್ಲಿ ರಾಜ್ಯಸಭೆಗೆ ಬಂತು, ಕಾನೂನಾಗಲಿಲ್ಲ. 2005ರ ಕಾಯ್ದೆ ಇರುವುದು ಸೆಕ್ಯುರಿಟಿ ಗಾರ್ಡ್ ಏಜೆನ್ಸಿಗಳಿಗೆ. ಹಾಗಾಗಿ ಇವತ್ತು ಯಾರು ಬೇಕಾದರೂ ವಿಸಿಟಿಂಗ್ ಕಾರ್ಡ್ ಅಚ್ಚು ಹಾಕಿಸಿ ಪತ್ತೇದಾರನಾಗಬಹುದು. ಇದರ ಇನ್ನೊಂದು ಮುಖ: ನಿಮಗೆ ವಿಶೇಷ ಅಧಿಕಾರ ಒಂದೂ ಇಲ್ಲ. ಸಾಮಾನ್ಯ ಮನುಷ್ಯ ಮಾಡಬಾರದ್ದನ್ನು ನೀವೂ ಮಾಡುವಂತಿಲ್ಲ.

ಹೆಣ್ಣುಮಗಳ ಇಂಟರ್ನೆಟ್, ಇಮೇಲ್, ಫೋನ್ ಬಳಕೆಯ ಮೇಲೆ ಕಣ್ಣಿಡುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮಿನ ಪ್ರಕಾರ ಅಪರಾಧ. ಮೊದಲ ಸಲಕ್ಕೇ ಮೂರು ವರ್ಷದವರೆಗೆ ಜೈಲು. ಅಪರಾಧ ಪತ್ತೆಗಾಗಿ ಹಾಗೆ ಮಾಡಿದವರಿಗೆ ಅದರಲ್ಲಿ ವಿನಾಯಿತಿ ಇದೆ. ಆದರೆ ಆ ಹೊಣೆಯನ್ನು ಸರ್ಕಾರ ವಹಿಸಿಕೊಟ್ಟಿರಬೇಕು, ಚಿಕ್ಕಪ್ಪ ವಹಿಸಿಕೊಟ್ಟರೆ ಆಗುವುದಿಲ್ಲ.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತಲ್ಲ, ಆ ಪ್ರಕರಣದ ಅರ್ಜಿದಾರರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ತೀರ್ಪಿನ ನೆರಳು ಈಗ ಸಂಸಾರದ ಜಗಳಗಳ ಮೇಲೂ ಬಿದ್ದಿದೆ. ಹೆಂಡತಿಗೆ ಸಂಬಂಧವಿದೆ ಎಂದು ಗಂಡ ಬೊಟ್ಟು ಮಾಡಿದ ಮೂರನೆಯ ವ್ಯಕ್ತಿಯೊಬ್ಬನ ಮೊಬೈಲ್ ಟವರ್ ವಿವರ ತರಿಸಲು ಕೌಟುಂಬಿಕ ನ್ಯಾಯಾಲಯ ಒಪ್ಪಿದ್ದನ್ನು ಕರ್ನಾಟಕ ಹೈಕೋರ್ಟ್ 2022ರಲ್ಲಿ ರದ್ದು ಮಾಡಿತು. ನ್ಯಾಯಾಲಯದ ಮೂಲಕ ಕೇಳಿದರೂ ಸಿಗದ ಲೊಕೇಶನ್ನನ್ನು ನೀವು ಹಿಂಬಾಗಿಲಿನಿಂದ ತರಲು ಹೊರಟರೆ ಏನಾಗುತ್ತದೆ ಎಂಬುದು ಮುಂದಿನ ಸೂತ್ರ.

6. “ಸಿಡಿಆರ್ ಕೊಡಿಸ್ತೀನಿ” ಎಂದವನ ನಂಬರ್ ಬ್ಲಾಕ್ ಮಾಡಿ

ಯಾರಿಗೆ ಯಾವಾಗ ಫೋನು ಹೋಯಿತು, ಯಾವ ಟವರಿನಿಂದ ಹೋಯಿತು ಎಂಬ ಸಿಡಿಆರ್ ದಾಖಲೆಯನ್ನು ಪೊಲೀಸರು ತನಿಖೆಗಾಗಿ ಕ್ರಮಪ್ರಕಾರ ತರಿಸಿಕೊಳ್ಳುತ್ತಾರೆ. ಅದನ್ನು ಕದ್ದು ಮಾರುವ ದಂಧೆಯೂ ಇದೆ. 2013ರಲ್ಲಿ ಅರುಣ್ ಜೇಟ್ಲಿಯವರ ಕಾಲ್ ದಾಖಲೆಗೆ ಕೈಹಾಕಿದ ಪ್ರಕರಣದಲ್ಲಿ ದೆಹಲಿಯಲ್ಲಿ ಒಬ್ಬ ಪೊಲೀಸ್ ಪೇದೆಯ ಜೊತೆ ಖಾಸಗಿ ಪತ್ತೇದಾರರೂ ಸಿಕ್ಕಿಬಿದ್ದರು. 2018ರಲ್ಲಿ ಠಾಣೆ ನಗರದ ಪೊಲೀಸರು ಇಂಥದೇ ಜಾಲ ಹಿಡಿದಾಗ ಹೆಸರುವಾಸಿ ಪತ್ತೇದಾರರೇ ಬಂಧಿತರ ಪಟ್ಟಿಯಲ್ಲಿದ್ದರು. ಅವಳ ಸ್ಕೂಟರಿಗೆ ಜಿಪಿಎಸ್ ಅಂಟಿಸುವುದು, ಗೆಳತಿಯ ಹೆಸರಿನಲ್ಲಿ ಇನ್‌ಸ್ಟಾಗ್ರಾಂ ಖಾತೆ ತೆರೆದು ಮಾತಿಗೆಳೆಯುವುದು, ಬಿಟ್ಟುಹೋದ ಲ್ಯಾಪ್‌ಟಾಪಿನ ಪಾಸ್‌ವರ್ಡ್ ಒಡೆಯುವುದು: ಮೂರೂ ಬೇಡ.

7. ತೋಟದ ದಾರಿಯಲ್ಲಿ ಕಾರು ನಿಲ್ಲಿಸಿ ಕೂರಬೇಡಿ

ನಗರದ ಪತ್ತೇದಾರರು ಇಲ್ಲೇ ಸೋಲುವುದು. ಬೆಂಗಳೂರಿನಲ್ಲಿ ಅಪಾರ್ಟ್‌ಮೆಂಟಿನ ಎದುರು ಮೂರು ದಿನ ಕಾರಿನಲ್ಲಿ ಕೂತರೂ ಕೇಳುವವರಿಲ್ಲ. ನರಸಿಂಹರಾಜಪುರದ ಹೊರಗೆ, ಭದ್ರಾ ಹಿನ್ನೀರಿನ ಕಡೆಗೋ ಬಾಳೆಹೊನ್ನೂರು ರಸ್ತೆಗೋ, ಒಂಟಿಮನೆಯ ದಣಪೆಯ ಹತ್ತಿರ ಕೆಎ-05 ಕಾರು ಅರ್ಧ ಗಂಟೆ ನಿಂತರೆ ಮೊದಲು ನಾಯಿ ಕೇಳುತ್ತದೆ, ಆಮೇಲೆ ಆಳು ಕೇಳುತ್ತಾನೆ, ಸಂಜೆಯೊಳಗೆ ಸೊಸೈಟಿಯಲ್ಲಿ, ಚರ್ಚಿನ ಅಂಗಳದಲ್ಲಿ, ಕ್ಷೌರದಂಗಡಿಯಲ್ಲಿ ಎಲ್ಲರೂ ಕೇಳುತ್ತಾರೆ: ಯಾರ ಮನೆಗೆ ಬಂದವರಂತೆ? ಹುಡುಗಿ ಓಡಿಹೋದ ಸುದ್ದಿಯನ್ನು ಮನೆಯವರು ಮುಚ್ಚಿಟ್ಟಿದ್ದರೆ ನಿಮ್ಮ ಕಾರೇ ಅದನ್ನು ಸಾರಿಬಿಟ್ಟಿತು. ಮರ್ಯಾದೆ ಹೋಯಿತು ಎಂಬ ಸಿಟ್ಟು ಊರಿಗೆ ಗೊತ್ತಾದಷ್ಟೂ ಏರುತ್ತದೆ. ಆ ಸಿಟ್ಟು ಬಂದು ಬೀಳುವುದು ಯಾರ ಮೇಲೆ ಎಂದು ಹೇಳಬೇಕಿಲ್ಲ.

ವೇಷದ ಸಲಹೆಗಳೂ ಇಲ್ಲಿ ನಡೆಯುವುದಿಲ್ಲ. ಆಷಾಢದ ಮಳೆಯಲ್ಲಿ, ಜನ ಅಡಿಕೆಗೆ ಬೋರ್ಡೋ ಹೊಡೆಯಲು ಬಿಸಿಲು ಕಾಯುತ್ತಿರುವಾಗ, ಕಾಫಿ ಹಣ್ಣು ಕೊಳ್ಳಲು ಬಂದೆ ಎಂದರೆ ಶಾಲೆ ಮಕ್ಕಳೂ ನಗುತ್ತಾರೆ. ಇನ್ನೊಂದು ಸೂಕ್ಷ್ಮವೂ ಇದೆ. ಇದು ನಕ್ಸಲ್ ಕಾಲ ಕಂಡ ನೆಲ. 2005ರ ಫೆಬ್ರವರಿಯಲ್ಲಿ ಮೆಣಸಿನಹಾಡ್ಯದ ಕಡೆ ನಕ್ಸಲ್ ನಾಯಕ ಸಾಕೇತ್ ರಾಜನ್ ಎನ್‌ಕೌಂಟರಿನಲ್ಲಿ ಸತ್ತದ್ದರಿಂದ ಹಿಡಿದು 2025ರ ಜನವರಿ 8ರಂದು ಮುಂಡಗಾರು ಲತಾ ಮತ್ತು ಸಂಗಡಿಗರು ಬೆಂಗಳೂರಿನಲ್ಲಿ ಶರಣಾದವರೆಗೆ, ಕಾಡಂಚಿನ ಮನೆಗಳಲ್ಲಿ ಅಪರಿಚಿತ ಬಂದು ಪ್ರಶ್ನೆ ಕೇಳಿದರೆ ಎದೆ ಹೊಡೆದುಕೊಳ್ಳುತ್ತಿತ್ತು. ಮಾಹಿತಿದಾರ ಎಂಬ ಹಣೆಪಟ್ಟಿಗೆ ಜನ ಜೀವ ತೆತ್ತಿದ್ದಾರೆ. ನೀವು ಮಾತಾಡಿಸಿ ಹೋದ ಕೂಲಿ ಹೆಂಗಸು ನಾಳೆಯೂ ಅದೇ ತೋಟದಲ್ಲಿ ಕೆಲಸ ಮಾಡಬೇಕು ಎಂಬುದು ನೆನಪಿರಲಿ.

ಹಾಗಾದರೆ ಕೆಲಸ ಹೇಗೆ? ಮೊದಲು ಸಹಕಾರ ಸಾರಿಗೆಯ ಕಂಡಕ್ಟರನ್ನು ಕೇಳಿದ್ದರೆ ಸಾಕಿತ್ತು ಎಂದು ಹಳಬರು ನಗುತ್ತಾರೆ. ಕಾರ್ಮಿಕರೇ ಸೇರಿ 1991ರಲ್ಲಿ ಕೊಪ್ಪದಲ್ಲಿ ಕಟ್ಟಿದ ಆ ಸಂಸ್ಥೆಯ ಬಸ್ಸುಗಳಲ್ಲಿ ಯಾವ ಮನೆಯ ಮಗಳು ಯಾವ ಸ್ಟಾಪಿನಲ್ಲಿ ಹತ್ತುತ್ತಾಳೆ, ಯಾರ ಪಕ್ಕ ಕೂರುತ್ತಾಳೆ ಎಂಬುದು ಕಂಡಕ್ಟರಿಗೆ ಬಾಯಿಪಾಠವಾಗಿತ್ತು. 2020ರಲ್ಲಿ ಬಸ್ಸುಗಳು ನಿಂತವು, ಆ ದಾರಿಯೂ ಮುಚ್ಚಿತು. ಈಗ ಹುಡುಕಾಟ ಊರಿನಲ್ಲಲ್ಲ, ಅವಳು ಓದಿದ ಕಾಲೇಜಿನ ಗೆಳತಿಯರಲ್ಲಿ. ಶಿವಮೊಗ್ಗದಲ್ಲೋ ಮಂಗಳೂರಿನಲ್ಲೋ ಬೆಂಗಳೂರಿನ ಪಿಜಿಯಲ್ಲೋ ಒಬ್ಬಳಿಗಂತೂ ಗೊತ್ತಿರುತ್ತದೆ. ಅವಳಿಗೆ ಸುಳ್ಳು ಹೇಳಬೇಡಿ. “ಇಂಥ ಏಜೆನ್ಸಿಯವರು, ಅವಳ ಅಮ್ಮನ ಮಾತು ತಲುಪಿಸಬೇಕು, ವಿಳಾಸ ಬೇಡ, ನನ್ನ ನಂಬರ್ ಅವಳಿಗೆ ಕೊಡಿ” ಎಂದಷ್ಟೇ ಹೇಳಿ ಬನ್ನಿ. ಥೈರಾಯ್ಡ್ ಮಾತ್ರೆಯ ವಿಷಯ ಹೇಳಿದರೆ ಫೋನು ಬೇಗ ಬರುತ್ತದೆ, ಏಕೆಂದರೆ ಅದು ಮನೆಯೊಳಗಿನವರಿಗೆ ಮಾತ್ರ ಗೊತ್ತಿರುವ ಸಂಗತಿ.

8. ವಿವಾಹ ನೋಂದಣಿ ಕಚೇರಿಯ ನೋಟಿಸ್ ಬೋರ್ಡ್ ಓದಿದರೂ ಓದಿದ್ದನ್ನು ನುಂಗಿಕೊಳ್ಳಿ

ಬೇರೆ ಧರ್ಮದವರು 1954ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗಬೇಕಾದರೆ ಮೂವತ್ತು ದಿನ ಮೊದಲು ನೋಟಿಸ್ ಕೊಡಬೇಕು. ಆ ನೋಟಿಸ್ ಪುಸ್ತಕವನ್ನು ಯಾರು ಬೇಕಾದರೂ ಶುಲ್ಕವಿಲ್ಲದೆ ನೋಡಬಹುದು. ಹುಡುಗಿಯ ಕಾಯಂ ವಿಳಾಸ ಬೇರೆ ಜಿಲ್ಲೆಯದಾದರೆ ಅಲ್ಲಿನ ಕಚೇರಿಗೂ ಪ್ರತಿ ಹೋಗಿ ಅಲ್ಲೂ ಅಂಟಿಸುತ್ತಾರೆ. ಬೆಂಗಳೂರಿನಲ್ಲಿ ಕೊಟ್ಟ ನೋಟಿಸು ತವರಿನವರ ಕಣ್ಣಿಗೆ ಬೀಳುವುದು ಹೀಗೆ. ಕಾನೂನೇ ಬಾಗಿಲು ತೆರೆದಿಟ್ಟಿದೆ ಎಂಬುದು ಪತ್ತೇದಾರನಿಗೆ ಸುಲಭ, ಜೋಡಿಗೆ ಸಂಕಟ. ಆ ನಿಯಮ ಬದಲಾಗಬೇಕು ಎಂಬುದು ನನ್ನ ಅಭಿಪ್ರಾಯ. ಅದು ಬದಲಾಗುವವರೆಗೆ, ಬೋರ್ಡಿನ ಮೇಲೆ ಕಂಡ ವಿಳಾಸವೂ ಕರಾರಿನ ಮೂರನೆಯ ಸಾಲಿಗೆ ಒಳಪಟ್ಟದ್ದೇ.

9. ಭೇಟಿ ಅವಳು ಹೇಳಿದ ಜಾಗದಲ್ಲಿ, ಮಹಿಳಾ ಸಹೋದ್ಯೋಗಿಯಿಂದ

ಜನ ಓಡಾಡುವ ಹೋಟೆಲ್ ಸಾಕು. ಹುಡುಗ ಜೊತೆಗೆ ಬಂದರೆ ಹತ್ತು ನಿಮಿಷ ಆಚೆ ಟೇಬಲ್ಲಿಗೆ ಹೋಗಲು ಹೇಳಿ. ಮನೆಯವರ ಸಂಶಯ ಎಲ್ಲವೂ ಜಾತಿಯ ಸಿಟ್ಟಲ್ಲ. ಮೋಸ, ಬೆದರಿಕೆ, ಸಾಗಾಟ ಇವೂ ನಡೆಯುತ್ತವೆ. ಅದಕ್ಕೇ ಈ ಕೇಸನ್ನು ಪೂರ್ತಿ ತಳ್ಳಿಹಾಕುವುದೂ ಸರಿಯಲ್ಲ. ಫೋನು ಅವಳ ಕೈಯಲ್ಲೇ ಇದೆಯೇ? ಆಧಾರ್, ಮಾರ್ಕ್ಸ್ ಕಾರ್ಡ್ ಯಾರ ಹತ್ತಿರ? ಸಂಬಳ ಯಾರ ಖಾತೆಗೆ? ಕೇಳಿದ್ದಕ್ಕೆ ಉತ್ತರಿಸುವ ಮೊದಲು ಅವಳು ಆಚೆ ಟೇಬಲ್ಲಿನ ಕಡೆ ನೋಡುತ್ತಾಳೆಯೇ? ಸಿಕ್ಕಿಹಾಕಿಕೊಂಡಿದ್ದಾಳೆ ಎನಿಸಿದರೆ ಅವಳಿಗೇ 181 ಮತ್ತು 112 ಹೇಳಿ, ಅವಳ ಜೊತೆ ಠಾಣೆಗೆ ಹೋಗಿ. ತನ್ನಿಷ್ಟದಿಂದ ಇದ್ದಾಳೆ ಎಂದಾದರೆ ತಾಯಿಯ ಮಾತು ತಲುಪಿಸಿ, ಮಾತ್ರೆ ಕೊಡಿ, ಎದ್ದುಬನ್ನಿ. “ಒಂದ್ಸಲ ಮನೆಗೆ ಬಂದು ಹೋಗಮ್ಮ” ಎಂದು ನೀವು ಪುಸಲಾಯಿಸಬೇಡಿ. ಆ ಮಾತನ್ನು ನಂಬಿ ತವರಿನ ಮೆಟ್ಟಿಲು ಹತ್ತಿದ ಮಕ್ಕಳ ಸುದ್ದಿ ನಾವು ಪೇಪರಿನಲ್ಲಿ ಓದುತ್ತಲೇ ಇದ್ದೇವೆ.

ಅವಳು ಕ್ಷೇಮ ಎಂಬುದಕ್ಕೆ ಮನೆಯವರು ಸಾಕ್ಷಿ ಕೇಳುತ್ತಾರೆ. ವಿಡಿಯೊ ಬೇಡ; ಹಿಂದಿನ ಕಿಟಕಿಯಲ್ಲಿ ಅಂಗಡಿ ಬೋರ್ಡ್ ಕಾಣುತ್ತದೆ. ಆಡಿಯೊ ಬೇಡ, ಮೆಟ್ರೊ ಘೋಷಣೆ ಕೇಳುತ್ತದೆ. ಫೋನಿನಲ್ಲಿ ತೆಗೆದ ಫೋಟೊದೊಳಗೆ ಲೊಕೇಶನ್ ಅಡಗಿ ಕೂತಿರಬಹುದು. ಅವಳ ಕೈಬರಹದ ಅರ್ಧ ಪುಟ ಸಾಕು, ಅದೂ ನಿಮ್ಮ ಕೈಯಲ್ಲೇ ಹೋಗಲಿ. ಅಂಚೆಗೆ ಹಾಕಿದರೆ ಮುದ್ರೆ ಊರು ಹೇಳುತ್ತದೆ.

10. ಬೆಳಗಾವಿಯ ಉಪನ್ಯಾಸಕಿಯ ತೀರ್ಪು ಬ್ಯಾಗಿನಲ್ಲಿರಲಿ

ವರದಿ ಒಪ್ಪಿಸುವ ದಿನ ಜಗುಲಿಯಲ್ಲಿ ಗದ್ದಲವಾಗುತ್ತದೆ. “ಸ್ಟೇಷನ್ನಿಗೆ ಕರೆಸಿ ನಾವು ಮಾತಾಡ್ತೀವಿ” ಎನ್ನುತ್ತಾರೆ. ಆಗ ಹೇಳಲು ಕರ್ನಾಟಕದ್ದೇ ಪ್ರಕರಣ ಇದೆ. ಬೆಳಗಾವಿ ಜಿಲ್ಲೆಯ ಉಪನ್ಯಾಸಕಿಯೊಬ್ಬರು 2020ರಲ್ಲಿ ಮನೆಯವರಿಗೆ ಹೇಳದೆ ಹುಬ್ಬಳ್ಳಿಯಿಂದ ವಿಮಾನ ಹತ್ತಿ, ಬೆಂಗಳೂರಿನ ಮೂಲಕ ದೆಹಲಿಗೆ ಹೋಗಿ, ತಾವು ಮೆಚ್ಚಿದ ಉಪನ್ಯಾಸಕನನ್ನು ಮದುವೆಯಾದರು. ಮದುವೆ ಪ್ರಮಾಣಪತ್ರವನ್ನು ಹೆತ್ತವರಿಗೆ ವಾಟ್ಸ್ಆ್ಯಪಿನಲ್ಲಿ ಕಳಿಸಿಯೂ ಇದ್ದರು. ಅಷ್ಟಾದರೂ ಮುರಗೋಡ ಠಾಣೆಯಲ್ಲಿ ಕಾಣೆ ಪ್ರಕರಣ ದಾಖಲಾಯಿತು, ಊರಿಗೆ ಬಂದು ಹೇಳಿಕೆ ಕೊಡಬೇಕೆಂಬ ಒತ್ತಡ ಬಂತು, ಗಂಡನ ಮೇಲೆ ಅಪಹರಣದ ಕೇಸು ಹಾಕುವ ಮಾತೂ ಬಂತು. 2021ರ ಫೆಬ್ರವರಿ 8ರಂದು ನ್ಯಾಯಮೂರ್ತಿಗಳಾದ ಸಂಜಯ್ ಕಿಶನ್ ಕೌಲ್ ಮತ್ತು ಹೃಷಿಕೇಶ್ ರಾಯ್ ಅವರ ಸುಪ್ರೀಂ ಕೋರ್ಟ್ ಪೀಠ ಆ ಎಫ್‌ಐಆರನ್ನೇ ರದ್ದು ಮಾಡಿತು. ಇಬ್ಬರು ವಯಸ್ಕರು ಒಪ್ಪಿದ ಮೇಲೆ ಮನೆತನದ, ಸಮುದಾಯದ ಒಪ್ಪಿಗೆ ಬೇಕಿಲ್ಲ ಎಂದಿತು. ತನಿಖಾಧಿಕಾರಿಯನ್ನು ಕೌನ್ಸೆಲಿಂಗಿಗೆ ಕಳಿಸಬೇಕು, ಇಂಥ ಪ್ರಕರಣಗಳನ್ನು ನಿಭಾಯಿಸಲು ಪೊಲೀಸರಿಗೆ ಎಂಟು ವಾರದೊಳಗೆ ಮಾರ್ಗಸೂಚಿ, ತರಬೇತಿ ಆಗಬೇಕು ಎಂದೂ ಸೂಚಿಸಿತು.

ಈ ತೀರ್ಪನ್ನು ಭಾಷಣದಂತೆ ಹೇಳಬೇಡಿ. ಅಪ್ಪನನ್ನು ಅಂಗಳಕ್ಕೆ ಕರೆದುಕೊಂಡು ಹೋಗಿ ಹೇಳಿ. ಕಂಬಕ್ಕೆ ಒರಗಿದ್ದ ಆ ಮನುಷ್ಯನಿಗೆ ನೆಂಟರ ಮುಂದೆ ಸುಮ್ಮನಾಗಲು ಒಂದು ಕಾರಣ ಬೇಕಿರುತ್ತದೆ. “ಕಾನೂನೇ ಹಾಗಿದೆಯಂತೆ, ಏನು ಮಾಡೋದು” ಎನ್ನುವುದು ಅವನಿಗೆ ಮರ್ಯಾದೆಯ ದಾರಿ.

11. ಬೆದರಿಕೆ ಕಿವಿಗೆ ಬಿದ್ದ ಕ್ಷಣ ಗೋಪ್ಯತೆ ಮುಗಿಯಿತು

“ಸಿಕ್ಕಿದ್ರೆ ಕಡಿದು ಭದ್ರಾ ಹೊಳೆಗೆ ಹಾಕ್ತೀನಿ” ಎಂಬುದನ್ನು ಮಲೆನಾಡಿನ ಸಿಟ್ಟಿನ ಮಾತು ಎಂದು ತೇಲಿಸಬೇಡಿ. ಕೊಲೆಯ ಉದ್ದೇಶ ಗೊತ್ತಿದ್ದವರು ಪೊಲೀಸರಿಗೋ ಮ್ಯಾಜಿಸ್ಟ್ರೇಟರಿಗೋ ತಿಳಿಸಬೇಕು ಎಂಬುದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 33ನೇ ಕಲಮು. ಮರ್ಯಾದೆಗೇಡು ಹತ್ಯೆ ತಡೆಯಲು ಜಿಲ್ಲೆಗೊಂದು ವಿಶೇಷ ಘಟಕ, ಜೋಡಿಗಳಿಗೆ ಸುರಕ್ಷಿತ ವಸತಿ ಇರಬೇಕೆಂದು ಸುಪ್ರೀಂ ಕೋರ್ಟ್ 2018ರ ಶಕ್ತಿವಾಹಿನಿ ತೀರ್ಪಿನಲ್ಲಿ ಹೇಳಿದೆ. ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಲಿಖಿತವಾಗಿ ಕೊಡಿ, ಸ್ವೀಕೃತಿ ಪಡೆಯಿರಿ. ಅದೇ ದಿನ ಅವಳಿಗೂ ತಿಳಿಸಿ. ಯಾರು ಹೇಳಿದ್ದು ಎಂಬುದನ್ನೂ ಹೇಳಿ. ಯಾರ ಫೋನು ಎತ್ತಬಾರದು ಎಂದು ಅವಳಿಗೆ ಗೊತ್ತಾಗಬೇಕು.

12. ಬಿಲ್ಲಿನಲ್ಲಿ ಊರಿನ ಹೆಸರು ಬೇಡ

ಎಲ್ಲ ಸರಿಯಾಗಿ ಮಾಡಿ ಕೊನೆಗೆ ಬಿಲ್ಲಿನಲ್ಲಿ ಜಾಗ ಬಿಟ್ಟುಕೊಡುವ ಅಪಾಯ ಇದ್ದೇ ಇದೆ. ಪೆಟ್ರೋಲ್ ರಸೀದಿ, ಟೋಲ್ ಚೀಟಿ, ಲಾಡ್ಜಿನ ಬಿಲ್, ಹೋಟೆಲಿನಲ್ಲಿ ಅವಳಿಗೆ ಕೊಡಿಸಿದ ಕಾಫಿಯ ಬಿಲ್ಲು, ಪ್ರತಿಯೊಂದರ ತಲೆಯ ಮೇಲೂ ವಿಳಾಸ ಅಚ್ಚಾಗಿರುತ್ತದೆ. ಕಕ್ಷಿದಾರನ ಕಾರಿನಲ್ಲಿ ಹೋದರೆ ಫಾಸ್ಟ್ಯಾಗ್ ಮೆಸೇಜು ನೇರ ಅವನ ಮೊಬೈಲಿಗೇ ಬರುತ್ತದೆ, ಆದ್ದರಿಂದ ಅವನ ಕಾರು ಬೇಡವೇ ಬೇಡ. ಪ್ರಯಾಣ ವೆಚ್ಚ ಒಂದೇ ಮೊತ್ತ, ಸಂದೇಶ ತಲುಪಿಸಿದ ಶುಲ್ಕ ಒಂದು ಮೊತ್ತ, ನೋಂದಣಿಯಿದ್ದರೆ ಜಿಎಸ್‌ಟಿ. ಚಿಕ್ಕಪ್ಪ ರಸೀದಿ ಎಲ್ಲಿ ಎಂದು ಕೇಳಿದರೆ ಪ್ರಯಾಣ ವೆಚ್ಚವನ್ನೇ ಬಿಟ್ಟುಬಿಡಿ.